ಮೇಲಿನ ಮಹಡಿಯ ಹಲಗೆ

ಮುಗ್ಲಿಂಗ್, ಬಸ್ಸಿನೊಳಗೆ
ಮಂಸಿರ್ ತಿಂಗಳು, ಶನಿವಾರ ಮಧ್ಯಾಹ್ನ

ಅಮ್ಮಾ,

ಹೇಗಿದ್ದೀಯ ಎಂದು ಕೇಳುವುದಿಲ್ಲ. ನಿನ್ನ ತವರೂರು ತಾನ್ಸೇನ್‌ಗೆ ಹೋದ ಮೇಲೆ ನಾನು ಫೋನ್ ಎತ್ತಿಲ್ಲ, ಅದನ್ನೇ ಹಿಡಿದುಕೊಂಡು ಕೂತಿರುತ್ತೀಯ, ಗೊತ್ತು. ಫೋನಿನಲ್ಲಿ ಹೇಳಹೊರಟರೆ ಎರಡನೇ ಮಾತಿಗೇ ಅಳುತ್ತೀಯ, ಅಳುತ್ತಲೇ ನಿನ್ನ ಅಣ್ಣನ ಪರ ವಕಾಲತ್ತು ವಹಿಸುತ್ತೀಯ. ಕಾಗದದ ಜೊತೆ ಜಗಳ ಆಡಲಾಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ರಸ್ತೆ ಅಗಲ ಮಾಡುವವರು ಮುಂದೆ ದಾರಿ ಕಟ್ಟಿದ್ದಾರೆ. ಪಕ್ಕದ ಸೀಟಿನವರು ನನ್ನ ಭುಜಕ್ಕೆ ತಲೆಯಾನಿಸಿ ಗೊರಕೆ ಹೊಡೆಯುತ್ತಿದ್ದಾರೆ. ಅಕ್ಷರ ಸೊಟ್ಟಗಿದ್ದರೆ ಅದಕ್ಕೇ.

ದಸರೆಯಲ್ಲಿ ಪಾಜು, ನಿನ್ನ ಆ ಅಣ್ಣ, ನಿನಗೆ ಫೋನ್ ಮಾಡಿ ಏನೆಂದಿದ್ದ, ನೆನಪಿದೆಯಲ್ಲ. ಕಾಲ ಬದಲಾಗಿದೆ ತಂಗಿ, ನಮ್ಮ ಮನೆಯಲ್ಲಿ ಈಗ ಜಾತಿಗೀತಿ ಏನೂ ಇಲ್ಲ, ಮೇಲಿನ ಅಡುಗೆಮನೆವರೆಗೂ ಎಲ್ಲರೂ ಬರುತ್ತಾರೆ, ನೀನೂ ಬಾ, ಅಮ್ಮನಿಗೆ ವಯಸ್ಸಾಯಿತು. ನೀನು ಅವತ್ತೇ ಟ್ರಂಕಿನಿಂದ ಸೀರೆ ತೆಗೆದು ಬಿಸಿಲಿಗೆ ಹಾಕಿದೆ. ತಡಿ, ಮೊದಲು ನಾನು ಹೋಗಿ ನೋಡುತ್ತೇನೆ ಎಂದದ್ದಕ್ಕೆ ಸಂಜೆವರೆಗೆ ನನ್ನ ಹತ್ತಿರ ಮಾತು ಬಿಟ್ಟೆ. ಸೋದರಮಾವನ ಮೇಲೂ ಅನುಮಾನವಾ, ನಿಮ್ಮ ಚಳವಳಿ ಕಲಿಸಿದ್ದು ಇಷ್ಟೇನಾ ಅಂತ ಅಪ್ಪನ ಮುಂದೆ ಗೊಣಗಿದೆ. ಹೌದಮ್ಮ, ಇಷ್ಟೇ ಕಲಿಸಿದ್ದು. ಇದು ಸಾಕಾಯಿತು.

ನಾನು ತಂಗಿಯ ಮಗಳಾಗಿ ಹೋಗಲಿಲ್ಲ, ಗಿರಾಕಿಯಾಗಿ ಹೋದೆ. ನಿನ್ನ ತವರು ಈಗ ಹೋಟೆಲು. ಬಾಗಿಲಲ್ಲಿ ಹಿತ್ತಾಳೆಯ ಬೋರ್ಡು, ಒಳಗೆ ಅಗರಬತ್ತಿ, ಗೋಡೆಯಲ್ಲಿ ನಿನ್ನ ಅಜ್ಜನ ಛತ್ರಿಯನ್ನೂ ಗಾಜಿನ ಪೆಟ್ಟಿಗೆಯಲ್ಲಿ ತೂಗುಹಾಕಿದ್ದಾರೆ. ನೀನು ಮಲಗುತ್ತಿದ್ದ ಕೋಣೆಗೆ ‘ಕುಮಾರಿ’ ಎಂದು ಹೆಸರು. ಓಡಿಹೋದ ಮಗಳ ಕೋಣೆಗೆ ದೇವಿಯ ಹೆಸರಿಡುವಷ್ಟು ನಾಚಿಕೆಗೆಟ್ಟವರು. ಅದನ್ನೇ ಕೇಳಿ ತೆಗೆದುಕೊಂಡೆ.

ನನ್ನ ಜೊತೆ ಬಂದವರು ಫ್ರೆಂಚ್ ದಂಪತಿ, ಒಬ್ಬ ಡಚ್ ಹೆಂಗಸು, ಇಬ್ಬರು ಚೀನೀ ಹುಡುಗರು. ಪಾಜುವಿನ ಹೆಂಡತಿ ಎಲ್ಲರ ಕೊರಳಿಗೂ ಚೆಂಡುಹೂವಿನ ಹಾರ ಹಾಕಿದಳು. ಅವರ್‍ಯಾರ ಕುಲವನ್ನೂ ಕೇಳಲಿಲ್ಲ. ನನ್ನ ಮುಖ ನೋಡಿದ ಕೂಡಲೇ ನಮ್ಮವಳೆಂದು ಗೊತ್ತಾಯಿತು. ಗೊತ್ತಾದ ಕೂಡಲೇ ಕೇಳಿದಳು, ಯಾವ ಮನೆತನ ಎಂದು. ಬಾಯಿಗೆ ಬಂದದ್ದು ನಿನ್ನ ತವರಿನ ಹೆಸರೇ. ಶ್ರೇಷ್ಠ ಎಂದೆ. ಅರ್ಧ ಸುಳ್ಳು. ಅವಳ ಮುಖ ಅರಳಿತು, ನನಗೆ ಒಂದು ಹೂ ಹೆಚ್ಚಿಗೆ ಸಿಕ್ಕಿತು.

ಸಂಜೆ ಎಲ್ಲರನ್ನೂ ಮೇಲೆ ಕರೆದರು. ಅಮ್ಮಾ, ಆ ಏಣಿಮೆಟ್ಟಿಲು ಹಾಗೇ ಇದೆ, ಅದರ ಬಾಯಿಗೆ ಮುಚ್ಚುವ ಹಲಗೆಯೂ ಇದೆ. ಎಣ್ಣೆ ಉಜ್ಜಿ ಮಿಂಚಿಸಿ, ಸರಪಳಿ ಹಾಕಿ ಗೋಡೆಗೆ ಕಟ್ಟಿದ್ದಾರೆ, ಬಂದವರು ಫೋಟೋ ತೆಗೆಯಲಿ ಅಂತ. ನನ್ನನ್ನು ಬೆನ್ನಿಗೆ ಕಟ್ಟಿಕೊಂಡು ನೀನು ಮೊದಲ ಸಲ ತವರಿಗೆ ಹೋದಾಗ ಅಜಿ, ನಿನ್ನ ಹೆತ್ತಮ್ಮ, ಮೇಲಿನಿಂದ ಧಡ್ ಎಂದು ಬೀಳಿಸಿದ್ದು ಇದೇ ಹಲಗೆ. ಎಮ್ಮೆ ಕಡಿಯುವ ಖಡ್ಗಿಯ ಕೈ ಹಿಡಿದವಳು ಒಲೆ ಇರುವಲ್ಲಿಗೆ ಬರಬಾರದು, ಅವಳ ಕೈಯ ನೀರನ್ನು ಯಾರೂ ಮುಟ್ಟಬಾರದು. ಆಮೇಲೆ ಯಾರೋ ನಡುಮಹಡಿಗೆ ಒಂದು ತಟ್ಟೆ ಅವಲಕ್ಕಿ ತಂದಿಟ್ಟು ಹೋದರು, ನೀನು ತಿನ್ನದೆ ಇಳಿದು ಬಂದೆ. ಅಪ್ಪ ಕಡಿದ ಮಾಂಸ ಆ ಏಣಿ ಹತ್ತಬಹುದು. ಅಪ್ಪ ಹತ್ತುವಂತಿಲ್ಲ. ಇಂಥ ಮಡಿಯ ಮೇಲೆ ಕ್ಯಾಕರಿಸಿ ಉಗಿಯಬೇಕು.

ನಾನು ಹತ್ತಿದೆ. ಫ್ರೆಂಚರವನ ಹಿಂದೆ, ಕೊರಳಲ್ಲಿ ಹಾರ ಹಾಕಿಕೊಂಡು.

ಅಜಿ ಒಲೆಯ ಮುಂದೆ ಉದ್ದಿನ ಹಿಟ್ಟು ತಟ್ಟಿ ಬಾರಾ ಸುಡುತ್ತಿದ್ದಳು. ನೀನು ಹೇಳುತ್ತಿದ್ದ ದಪ್ಪ ಹೆಂಗಸಲ್ಲ, ಒಣಗಿದ ಶುಂಠಿಯ ಹಾಗಾಗಿದ್ದಾಳೆ. ಚೀನೀ ಹುಡುಗರು ಅವಳ ಎರಡೂ ಪಕ್ಕ ಕೂತು ಫೋಟೋ ತೆಗೆದುಕೊಂಡರು. ಪಾಜು ಟೋಪಿ ಹಾಕಿಕೊಂಡು ಭಾಷಣ ಮಾಡಿದ: ಇದು ಕುಲದವರಷ್ಟೇ ಬರುತ್ತಿದ್ದ ಜಾಗ, ಈಗ ಪ್ರಪಂಚಕ್ಕೇ ತೆರೆದಿದ್ದೇವೆ. ಈಗಲೂ ಬರಬಾರದವರು ಯಾರಾದರೂ ಇದ್ದಾರಾ ಎಂದು ಡಚ್ಚಿನವಳು ಕೇಳಿದಳು. ಅದೆಲ್ಲ ಅಜ್ಜಂದಿರ ಕಾಲದ್ದು ಎಂದು ನಕ್ಕ. ಎಷ್ಟು ಸಲೀಸಾಗಿ ನಕ್ಕ ಅಂತೀಯ. ಆಗಲೇ ಫ್ರೆಂಚರವನು ಪಲ್ಯದ ಸೌಟು ನೆಕ್ಕಿ, ಚೆನ್ನಾಗಿದೆ ಎಂದು ಬೆರಳೆತ್ತಿ ತೋರಿಸಿ, ಅದೇ ಸೌಟನ್ನು ಪಾತ್ರೆಗೆ ಅದ್ದಿದ. ಎಂಜಲು ಸೌಟು, ದೇವರಿಗೂ ಎಡೆ ಮಾಡುವ ಪಾತ್ರೆ. ಅಜಿಯ ಕೈ ನಿಂತಿತು. ಪಾಜು ಕಣ್ಣಲ್ಲೇ ಸುಮ್ಮನಿರು ಎಂದ. ಅಜಿ ಮತ್ತೆ ಬಾರಾ ತಿರುವಿದಳು. ನನ್ನ ಎಲೆಗೆ ಹಾಕುವಾಗ ಮಾತ್ರ ಒಂದು ಗಳಿಗೆ ಮುಖ ನೋಡಿ, ಖಾರ ಸಾಕಾ ಮೈಚಾ ಎಂದು ಮಗಳನ್ನು ಕರೆದ ಹಾಗೆ ಕೇಳಿದಳು. ಸಾಕು ಎಂದೆ. ನಿನ್ನ ಬಾರಾನೇ ಅದು ಅಮ್ಮಾ. ಅದೇ ಶುಂಠಿ, ಅದೇ ಅಂಚು ಸೀಯಿಸುವ ಚಟ.

ಬೆಳಿಗ್ಗೆ ಅಂಗಳದಲ್ಲಿ ಪಾಜುವಿಗೂ ಅವನ ಹೆಂಡತಿಗೂ ನಾನು ಯಾರೆಂದು ಹೇಳಿದೆ. ತಬ್ಬಿಕೊಳ್ಳಬಹುದೇನೋ ಎಂದು ಒಂದು ಕ್ಷಣ ಅನಿಸಿದ್ದು ನನ್ನ ದಡ್ಡತನ. ಅವನ ಬಾಯಿಂದ ಬಂದ ಮೊದಲ ಮಾತು ಇದು:

“ಮೆಲ್ಲಗೆ ಮಾತಾಡು, ಗೆಸ್ಟ್‌ಗಳು ಕೇಳಿಸ್ಕೋತಾರೆ.”

ಅವನ ಹೆಂಡತಿ ಸೆಗಣಿ ಬಕೆಟ್ಟು ಎತ್ತಿಕೊಂಡು ಮೇಲೆ ಹೋದಳು. ಸರಪಳಿ ಬಿಚ್ಚಿದ ಸದ್ದು. ಹಲಗೆ ಧಡ್ ಎಂದಿತು. ಸೌಟು ನೆಕ್ಕಿದವನು ನಡುಮಹಡಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದ, ಅವನಿಂದ ಮೈಲಿಗೆಯಾಗಿರಲಿಲ್ಲ. ಎಲೆಯಲ್ಲಿ ತಿಂದು, ಎಲೆ ಮಡಿಚಿಟ್ಟು ಎದ್ದ ನನ್ನಿಂದ ಆಗಿತ್ತು.

ಪಾಜು ನನ್ನನ್ನು ಮೂಲೆಗೆ ಕರೆದು ಸಮಾಧಾನ ಹೇಳಿದ. ನನಗೇನೂ ಇಲ್ಲಮ್ಮ, ಗುಥಿಯ ಕುಲಸ್ಥರಿದ್ದಾರಲ್ಲ ಎಂದ. ಹೊರಗೆ ಹಾಕಿಬಿಟ್ಟರೆ ನಾಳೆ ಅಮ್ಮ ಸತ್ತಾಗ ಹೆಣ ಹೊರೋಕೆ ಒಬ್ಬ ಬರಲ್ಲ ಎಂದ. ಇಷ್ಟು ಹೇಳಿ ಸುಮ್ಮನಿದ್ದಿದ್ದರೆ ಹೇಡಿ ಎಂದುಕೊಂಡು ಬಂದುಬಿಡುತ್ತಿದ್ದೆ. ಆದರೆ ಅವನು ಉಪಾಯವನ್ನೂ ಹೇಳಿದ, ದೊಡ್ಡ ಉಪಕಾರ ಮಾಡುವವನ ಹಾಗೆ:

“ನಿಮ್ಮಮ್ಮ ಬರ್ಲಿ, ಬೇಡ ಅಂದೋರ್‍ಯಾರು? ಗೆಸ್ಟ್ ಆಗಿ ಬರ್ಲಿ. ಹೆಸರು ಬೇರೆ ಬರೆಸ್ಲಿ, ಮುಖಕ್ಕೊಂದು ಕನ್ನಡಕ ಹಾಕ್ಕೊಳ್ಳಿ. ಮೇಲ್ಗಡೆ ಕೂತು ಅಮ್ಮನ ಕೈಯಲ್ಲೇ ಉಣ್ಲಿ. ಗೆಸ್ಟ್‌ಗೆ ಜಾತಿ ಇಲ್ಲ ಮೈಚಾ. ಮಗಳಾಗಿ ಬಂದ್ರೇನೇ ಜಾತಿ ಬರೋದು.”

ಓದಿದೆಯಾ? ಇನ್ನೊಂದು ಸಲ ಓದು. ಇದಕ್ಕೇ ನೀನು ಸೀರೆ ಬಿಸಿಲಿಗೆ ಹಾಕಿದ್ದು.

ನಾನು ಕೂಗಾಡಲಿಲ್ಲ. ಬೀದಿಯಲ್ಲಿ ಪೊಲೀಸರೆದುರು ಕೂಗಿದ ಗಂಟಲು ಅಲ್ಲಿ ತಣ್ಣಗಾಗಿಬಿಟ್ಟಿತ್ತು. ಇಷ್ಟೇ ಹೇಳಿದೆ:

“ಪಾಜು, ಬಲಿ ಕೊಡುವಾಗ ನಮ್ಮಪ್ಪ ಎಮ್ಮೆ ಮೈಮೇಲೆ ನೀರು ಚಿಮುಕಿಸ್ತಾನೆ. ಅದು ತಲೆ ಒದರಿದ್ರೆ ಒಪ್ಪಿಗೆ ಅಂತ. ಒದರೋವರೆಗೂ ಕಾಯ್ತಾನೆ. ನೀವು ಅಷ್ಟನ್ನೂ ಕೇಳೋರಲ್ಲ.”

ಅವನಿಗೆ ಅರ್ಥವಾಯಿತೋ ಇಲ್ಲವೋ. ತಿಂಡಿ ಮುಗಿಸಿ ಹೋಗು ಎಂದ.

ಅಮ್ಮಾ, ಆ ಮನೆಗೆ ಹೋಗಬೇಡ. ಕನ್ನಡಕ ಹಾಕಿಕೊಂಡು ತಾಯಿಯ ಮುಂದೆ ಕೂರುವ ಗತಿ ನಿನಗೆ ಬಂದಿಲ್ಲ. ಅವರು ಜಾತಿ ಬಿಟ್ಟಿಲ್ಲ, ಅದಕ್ಕೆ ಟಿಕೆಟ್ ಇಟ್ಟಿದ್ದಾರೆ, ಅಷ್ಟೇ. ಸೀರೆ ಮಡಿಚಿ ಒಳಗಿಡು. ಅಳುವುದಾದರೆ ಇವತ್ತೇ ಅತ್ತು ಮುಗಿಸು.

ಖಡ್ಗಿಯ ಮಗಳು,
ರಸಿಲಾ

ತಾ.ಕ.: ಹಲಗೆ ಬಿತ್ತು ಎಂದು ಬರೆದೆ, ಅದನ್ನು ಎತ್ತಿದವರು ಯಾರೆಂದು ಬರೆಯಲಿಲ್ಲ. ನಾನು ಚೀಲ ಹೆಗಲಿಗೆ ಹಾಕಿ ಏಣಿಯ ಬುಡದಲ್ಲಿ ಚಪ್ಪಲಿ ಮೆಟ್ಟುತ್ತಿದ್ದಾಗ ಅದು ಮೇಲಿನಿಂದ ಎದ್ದಿತು. ಅಜಿ ಹಿಮ್ಮುಖವಾಗಿ, ಏಣಿಯ ಅಂಚು ಹಿಡಿದು, ಮಂಡಿಗೆ ಶಾಪ ಹಾಕುತ್ತಾ ಇಳಿದಳು. ಮೈಚಾ, ನಿನ್ನ ಕಿವಿ ನೋಡಿದಾಗಲೇ ಗೊತ್ತಾಯ್ತು, ಅವಳದೇ ಎಂದಳು. ಪಾಜು ಅಡ್ಡ ನಿಂತು, ಅಮ್ಮ, ಸಂಜೆ ಇನ್ನೊಂದು ಗುಂಪು ಬರ್ತಿದೆ ಎಂದ.

“ಬಾರಾ ನಿನ್ ಹೆಂಡ್ತಿ ಸುಡ್ಲಿ,” ಎಂದಳು. “ಫೋಟೋಕ್ಕೂ ಅವಳೇ ಕೂರ್ಲಿ. ಎಂಜಲು ಸೌಟಿಗೆ ಹೋಗದ ಮಡಿ ನನ್ನ ಮೊಮ್ಮಗಳಿಗೆ ಹೋಗುತ್ತಂತೆ, ಥೂ.”

ಕ್ಷಮೆಗಿಮೆ ಏನೂ ಕೇಳಿಲ್ಲ. ಅವಳಿಗೆ ಬಂದದ್ದು ಪಶ್ಚಾತ್ತಾಪವೋ ಮಗನ ಮೇಲಿನ ಸಿಟ್ಟೋ ನನಗೆ ಗೊತ್ತಿಲ್ಲ. ನಾನಂತೂ ಆ ಹಲಗೆಯನ್ನು ಮರೆತಿಲ್ಲ, ನೀನೂ ಮರೆಯಬೇಕಿಲ್ಲ. ನನ್ನ ಜೊತೆ ಬಸ್ಸು ಹತ್ತಿದಾಗಿನಿಂದ ಡ್ರೈವರನನ್ನು ಬಯ್ಯುತ್ತಿದ್ದಾಳೆ, ಈಗ ಸುಸ್ತಾಗಿ ನನ್ನ ಭುಜದ ಮೇಲೆ ಗೊರಕೆ. ನೀರು ಮಾತ್ರ ಕುಡಿದಿಲ್ಲ. ನನ್ನ ಕೈಯಿಂದಲೂ ಇಲ್ಲ, ಬಾಟಲಿಯದೂ ಇಲ್ಲ. ಮೈಲಿಗೆನಾ ಅಜಿ ಎಂದು ಚುಚ್ಚಿದೆ. ಅದಕ್ಕೆ ಅವಳು ಹೇಳಿದ್ದು:

“ಮೊದಲು ಅವಳ ಕೈಯಿಂದ, ಆಮೇಲೆ ನಿನ್ನ ಕೈಯಿಂದ. ಅವಳು ಕೊಡದಿದ್ರೆ ಬಾಯಾರಿ ಸಾಯ್ತೀನಿ ಬಿಡು. ಹೊರೋಕೆ ನಿಮ್ಮಪ್ಪ ಇದ್ದಾನಲ್ಲ.”

ಈ ಕಾಗದ ಹಿಡಿದು ನಮ್ಮ ಏಣಿ ಹತ್ತಿ ನಿನ್ನೆದುರು ನಿಂತಿರುವವಳು ಅವಳೇ. ನೀನು ಓದಿ ಮುಗಿಸುವವರೆಗೆ ಕೂರಬಾರದೆಂದು ಹೇಳಿದ್ದೇನೆ. ನಾನು ಕೆಳಗೆ ಅಪ್ಪನ ಅಂಗಡಿಯಲ್ಲಿರುತ್ತೇನೆ. ನಮ್ಮ ಮೆಟ್ಟಿಲಿಗೂ ಒಂದು ಹಲಗೆ ಇದೆ ಅಮ್ಮಾ, ನೀನು ಯಾವತ್ತೂ ಮುಚ್ಚಿಲ್ಲ. ಅದನ್ನು ಬೀಳಿಸುತ್ತೀಯೋ, ಗಡಿಗೆಗೆ ಚೊಂಬು ಅದ್ದುತ್ತೀಯೋ, ನಿನಗೆ ಬಿಟ್ಟದ್ದು. ಎರಡರಲ್ಲಿ ಯಾವ ಸದ್ದಾದರೂ ಅಂಗಡಿಗೆ ಕೇಳಿಸುತ್ತದೆ.