ಡ್ರೈವರಣ್ಣನ ಪೈಪು

ಮಾರ್ಚ್ ೧೨, ಬುಧವಾರ

'ನೀರು ತಾಗಿದ್ದೆಲ್ಲ ನಿರ್ಮಲ' ಅಂತಲೋ ಏನೋ ಒಂದು ಸಾಲಿತ್ತಲ್ಲ, ಮುಂದಿನದು ನೆನಪಾಗುತ್ತಿಲ್ಲ. ಬರೆದವರು ಸ್ಟ್ರಾಬೆರಿ ಬೆಳೆದಿರಲಿಕ್ಕಿಲ್ಲ.

ಪಕ್ಕದ ಮನೆಯ ಡ್ರೈವರಣ್ಣ, ಬಸ್ಸು ತೊಳೆದ ಅಭ್ಯಾಸ, ದಿನಾ ಸಂಜೆ ಪೈಪು ಹಿಡಿದು ತಮ್ಮ ಕುಂಡದ ಸ್ಟ್ರಾಬೆರಿ ಗಿಡಗಳಿಗೆಲ್ಲ ತಲೆಸ್ನಾನ ಮಾಡಿಸುತ್ತಾರೆ. ಇವತ್ತು ಹಣ್ಣುಗಳ ಮೇಲೆ ಗುಳಿಬಿದ್ದ ಕಂದು ಮಚ್ಚೆ ಕಂಡೆ. ಚಿಬ್ಬು ರೋಗ, ಅನುಮಾನವೇ ಇಲ್ಲ. ಆ ಶಿಲೀಂಧ್ರಕ್ಕೆ ಗಿಡದಿಂದ ಗಿಡಕ್ಕೆ ಹೋಗಲು ಸಿಡಿಯುವ ಹನಿಯೇ ವಾಹನ.

"ಮಚ್ಚೆ ಬಿದ್ದದ್ದನ್ನೆಲ್ಲ ಕಿತ್ತು ಬಿಸಾಡಿ. ಇನ್ಮೇಲೆ ನೀರು ಬುಡಕ್ಕೆ ಮಾತ್ರ. ಉಳಿದ ಗಿಡ ಉಳಿಯುತ್ತೆ" ಅಂದೆ.

"ಭಾನುವಾರ ಮೊಮ್ಮಗಳು ಹಣ್ಣು ಕೀಳೋಕೆ ಬರ್ತಾಳಂತ ತೊಳೆದೂ ತೊಳೆದೂ ಇಟ್ರೆ, ನಾನೇ ರೋಗ ಹಂಚಿದ್ನಾ? ಈ ವಯಸ್ಸಲ್ಲಿ ತೋಟಗಾರಿಕೆ ಕಾಲೇಜಿಗೆ ಹೋಗಿ ನೀವು ಕಲಿತದ್ದು ಇದನ್ನಾ?" ಮುಖ ಊದಿಸಿಕೊಂಡು ಒಳಗೆ ಹೋದರು.

ಅಷ್ಟು ಅಕ್ಕರೆಯ ಕೈಗೆ 'ಸಾಕು' ಅನ್ನುವುದು ಕಷ್ಟ. ಆದರೂ ನಾನು ಹೇಳಿದ್ದು ಸರಿ. ಗಿಡವೇ ಸಾಕ್ಷಿ ಹೇಳುತ್ತದೆ.

ಊಟದ ಹೊತ್ತಿಗೆ ಬಾಗಿಲು ಬಡಿದರು. ಕೈಯಲ್ಲಿ ಸುರುಳಿ ಸುತ್ತಿದ ಪೈಪು.

"ಮಚ್ಚೆಯವನ್ನೆಲ್ಲ ಕಿತ್ತೆ ಕಣಮ್ಮಾ. ಇದು ನಿಮ್ಮನೇಲೇ ಇರಲಿ. ಕಣ್ಣಿಗೆ ಬಿದ್ರೆ ನನ್ನ ಕೈ ಸುಮ್ಮನಿರಲ್ಲ."