ಭಾನುವಾರದ ಪಲಾವ್ ಕೂಲಿಯಲ್ಲ

ಮಾನ್ಯ ಜಿಲ್ಲಾ ಕಾರ್ಮಿಕ ತನಿಖಾಧಿಕಾರಿಗಳೇ,

ನಮ್ಮ ಹೊಲಿಗೆ ಕಾರ್ಖಾನೆಯಲ್ಲಿ ಬಟ್ಟೆಗೆ ಗುಂಡಿ ಒತ್ತಿ ಕೂರಿಸುವ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳು ಕಳೆದುಕೊಂಡ ಕನಿಶಾಯ್ ಎಂಬ ಹೆಣ್ಣುಮಗಳು ಆ ಹೊತ್ತಿನಲ್ಲಿ ಕೆಲಸದಲ್ಲಿ ಇರಲೇ ಇಲ್ಲ ಎಂದು ತಾವು ಸಹಿ ಹಾಕಿ, ಮೊಹರು ಒತ್ತಿ ಬರೆದುಕೊಟ್ಟಿದ್ದೀರಿ. ಅಂದು ಭಾನುವಾರವಂತೆ. ಆಕೆ ತಾನಾಗಿಯೇ ಇಷ್ಟಪಟ್ಟು ಅಶಾರ್‌ಗೆ ಬಂದಿದ್ದಳಂತೆ. ಹಿರಿಯರ ಪದ್ಧತಿಯಂತೆ ಬಂದವರಿಗೆಲ್ಲ ಪಲಾವ್ ಬಡಿಸಲಾಗಿತ್ತಂತೆ. ಆದಕಾರಣ ಕೂಲಿಯೂ ಇಲ್ಲ, ಅಪಘಾತದ ಪರಿಹಾರವೂ ಇಲ್ಲ. ಮಾನ್ಯರೇ, ಆ ಪಲಾವ್ ಮಾಡಿದವಳು ನಾನು. ಕ್ಯಾರೆಟ್ ಹೆಚ್ಚಿದವಳೂ ನಾನೇ, ಕಡಾಯಿ ತಿಕ್ಕಿದವಳೂ ನಾನೇ. ನನ್ನ ಅನ್ನವನ್ನು ತಮ್ಮ ಪತ್ರದಲ್ಲಿ ಸಾಕ್ಷಿಗೆ ಕರೆದ ಮೇಲೆ ನಾನು ಬಾಯಿ ಮುಚ್ಚಿಕೊಂಡು ಕೂರಲಾರೆ.

ಅಶಾರ್ ಎಂದರೇನೆಂದು ತಮಗೆ ನಾನು ಹೇಳಿಕೊಡಬೇಕೆ? ತಮ್ಮ ತಂದೆಯ ಮನೆಯ ಗೋಡೆಯನ್ನೂ ಊರವರೇ ಸೇರಿ ಕೂಲಿಯಿಲ್ಲದೆ ಎಬ್ಬಿಸಿರಬೇಕು. ಅಲ್ಲಿ ಮನೆಯ ಯಜಮಾನ ಎಲ್ಲರಿಗಿಂತ ಮೊದಲು ಕೆಸರಿಗಿಳಿಯುತ್ತಾನೆ. ಬರಲಾಗದವನು ಬರುವುದಿಲ್ಲ, ಅವನನ್ನು ಯಾರೂ ಯಾಕೆಂದು ಕೇಳುವುದಿಲ್ಲ. ನಾಳೆ ಅವನ ಮನೆಯ ಮಾಡು ಕುಸಿದರೆ ಇದೇ ಯಜಮಾನ ಗುದ್ದಲಿ ಹೊತ್ತು ಓಡುತ್ತಾನೆ. ಹಾಗೆ ಎದ್ದ ಗೋಡೆಯನ್ನು ಲಾರಿಗೆ ತುಂಬಿ ಗಡಿಯಾಚೆ ಮಾರಿದ್ದನ್ನು ನಾನಂತೂ ಕಂಡಿಲ್ಲ. ನಮ್ಮ ಮಾಲೀಕ ಶಾರ್ಶೆನ್ ಮಾತ್ರ ಭಾನುವಾರದ ಜಾಕೆಟ್‌ಗಳನ್ನು ಸೋಮವಾರ ಬೆಳಿಗ್ಗೆಯೇ ಲಾರಿಗೆ ತುಂಬುತ್ತಾನೆ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಇಲ್ಲಿ ಕೆಸರಾದ ಕೈಗಳು ಒಬ್ಬರವು, ಮೊಸರು ತಿಂದ ಬಾಯಿ ಇನ್ನೊಬ್ಬರದು.

ಇದೆಲ್ಲ ಶುರುವಾದದ್ದು ಹೋದ ಬೇಸಿಗೆಯಲ್ಲಿ. ದೊಡ್ಡ ಆರ್ಡರ್ ಬಂದಿತ್ತು. ಶಾರ್ಶೆನ್ ಶುಕ್ರವಾರ ಊಟದ ಕೋಣೆಗೆ ಬಂದು ಎದೆಯ ಮೇಲೆ ಕೈಯಿಟ್ಟು, "ನಾವೆಲ್ಲ ಒಂದೇ ಮನೆಯೋರು ಕಣ್ರಮ್ಮಾ. ಭಾನುವಾರ ಒಂದು ಅಶಾರ್ ಮಾಡೋಣ. ಸೋನುನ್‌ಬೂಬು ಅಕ್ಕ ಪಲಾವ್ ಮಾಡ್ತಾರೆ," ಎಂದ.

"ಅಕ್ಕ ಮಾಡ್ತಾರೆ, ಸರಿ. ಅಕ್ಕನಿಗೆ ದುಡ್ಡು?" ಎಂದೆ ನಾನು.

"ಅಯ್ಯೋ, ನಿಮ್ಮ ಕೂಲಿ ನಾನ್ಯಾಕೆ ಇಟ್ಕೊಳ್ಳಿ? ರಜೆ ದಿನದ ಲೆಕ್ಕದಲ್ಲಿ ಡಬಲ್ ಕೊಡ್ತೀನಿ."

ಕೊಟ್ಟ. ಆ ಒಂದು ಅಶಾರ್ ಪ್ರತಿ ಭಾನುವಾರದ್ದಾಯಿತು, ನನಗೆ ಇಂದಿಗೂ ಕೊಡುತ್ತಾನೆ. ದುಡಿಯುವವರಿಗೆ ಅನ್ನ ಬೇಯಿಸಿದವಳ ಭಾನುವಾರ ಕೆಲಸ, ಆ ಅನ್ನ ತಿಂದು ಕತ್ತಲಾಗುವವರೆಗೆ ಯಂತ್ರ ತುಳಿದವರ ಭಾನುವಾರ ಪರೋಪಕಾರ! ಇದು ಯಾವ ಕಾಯಿದೆಯ ಯಾವ ಪುಟದಲ್ಲಿದೆ ಮಾನ್ಯರೇ? ವಾರದ ರಜೆಯಲ್ಲಿ ದುಡಿಸಿಕೊಂಡರೆ ಇಮ್ಮಡಿ ವೇತನ ಎಂದು ತಮ್ಮ ಕಚೇರಿಯ ಗೋಡೆಯಲ್ಲೇ ದಪ್ಪಕ್ಷರದಲ್ಲಿ ತೂಗುಹಾಕಿದ್ದೀರಿ. ಅದನ್ನು ಬರೆಸಿದ್ದು ಗೋಡೆಯ ಬಿರುಕು ಮುಚ್ಚುವುದಕ್ಕೋ?

ಕನಿಶಾಯ್ ಗಂಡ ಸತ್ತವಳು, ಇಬ್ಬರು ಹೆಣ್ಣುಮಕ್ಕಳನ್ನು ಸೂಜಿಯ ಮೊನೆಯಲ್ಲೇ ಸಾಕುತ್ತಿದ್ದವಳು. ಕೆಲಸದಲ್ಲಿ ಪೆಟ್ಟಾಯಿತೆಂದು ತಾವು ಒಂದು ಸಾಲು ಬರೆದರೆ ಆಕೆಗೆ ಪರಿಹಾರ ಸಿಗುತ್ತದೆ, ಬರೆಯದಿದ್ದರೆ ಬಿಡಿಗಾಸೂ ಇಲ್ಲ. ಈಗ ಎಡಗೈಯಲ್ಲಿ ದಾರದ ತುದಿ ಕತ್ತರಿಸುತ್ತಾ ಅರ್ಧ ಸಂಬಳಕ್ಕೆ ಕೂತಿದ್ದಾಳೆ. ಅವಳನ್ನು ಕರೆದುಕೊಂಡು ನಾನೇ ತಮ್ಮಲ್ಲಿಗೆ ಬಂದಿದ್ದೆ, ನೆನಪಿರಬೇಕು. ತಾವು ಚಹಾ ಹೀರುತ್ತಾ, "ಊಟ ಹಾಕಿದಾರಲ್ಲ ಅಕ್ಕಾ, ಇನ್ನೇನ್ ಬೇಕು?" ಎಂದಿರಿ.

"ಅಲ್ಲ ತಮ್ಮಾ, ನಿನಗೂ ಸರ್ಕಾರ ಚಹಾ ಕೊಡುತ್ತಲ್ಲ, ಸಂಬಳ ಬೇಡ ಅಂತ ಬರ್ಕೊಟ್ಟಿದೀಯಾ?" ಎಂದೆ.

"ಪದ್ಧತಿ ಬಗ್ಗೆ ಹಗುರವಾಗಿ ಮಾತಾಡ್ಬೇಡಿ," ಎಂದು ಗದರಿದಿರಿ. ಪದ್ಧತಿಯನ್ನು ಹಗುರ ಮಾಡಿದವರು ಯಾರು? ಅಜ್ಜಂದಿರ ಔದಾರ್ಯವನ್ನು ತಂದು ಮಾಲೀಕನ ಗಲ್ಲಾಪೆಟ್ಟಿಗೆಗೆ ಬೀಗ ಮಾಡಿದವರು ಯಾರು? ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು? ನನಗೆ ಸಿಟ್ಟು ಬಂದಿದೆ, ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದೇನೆ. ಕನಿಶಾಯ್ ಅಂದು ತಮ್ಮ ಮೆಟ್ಟಿಲಿಳಿಯುತ್ತಾ, "ಬಿಡಕ್ಕಾ, ಬೆರಳಂತೂ ವಾಪಸ್ ಬರಲ್ಲ," ಎಂದಳು. ನಾನು ಬಿಡಲಿಲ್ಲ.

ಅವಳ ಮನೆಯ ಹಿಂದಿನ ಗೋಡೆ ವಸಂತದ ಮಳೆಗೆ ಬಿದ್ದುಹೋಗಿತ್ತು, ಚಳಿಗಾಲ ಹತ್ತಿರವಿತ್ತು. ಅಶಾರ್ ಎಂದರೆ ತಮಗೆ ಅಷ್ಟು ಗೌರವವಿದೆಯಲ್ಲ, ಸರಿ, ಒಂದು ಅಶಾರ್ ಮಾಡಿಯೇಬಿಡೋಣ ಎಂದುಕೊಂಡೆವು. ಮುಂದಿನ ಭಾನುವಾರ ಹೊಲಿಗೆಯವರೆಲ್ಲ ಅವಳ ಅಂಗಳಕ್ಕೆ ಬಂದರು. ಹುಲ್ಲು ಬೆರೆಸಿ ಮಣ್ಣು ತುಳಿದರು, ಇಟ್ಟಿಗೆ ಹೊತ್ತರು, ಒಬ್ಬರಿಗೊಬ್ಬರು ಮಣ್ಣು ಮೆತ್ತಿ ನಕ್ಕರು. ನಾನು ಅಲ್ಲೇ ಒಲೆ ಹೂಡಿದೆ, ಅಂದು ಕೂಲಿ ಕೇಳಲಿಲ್ಲ. ಕಾರ್ಖಾನೆಯಲ್ಲಿ ಯಂತ್ರಗಳು ಸುಮ್ಮನೆ ನಿಂತಿದ್ದವು.

ಬಿಸಿಲೇರುವ ಹೊತ್ತಿಗೆ ಶಾರ್ಶೆನ್‌ನ ಫೋನು ಬಂತು. ಕೈಯೆಲ್ಲ ಮಣ್ಣಾಗಿತ್ತೆಂದು ಸ್ಪೀಕರ್ ಹಾಕಿದೆ. "ಎಲ್ಲಿ ಸತ್ರಿ ಎಲ್ಲಾ? ಕೆಲಸದ ದಿನ ಒಬ್ಬರೂ ಪತ್ತೆ ಇಲ್ಲ!"

"ಇಲ್ಲಿ ಅಶಾರ್ ನಡೀತಿದೆ ಅಣ್ಣಾ. ಒಂದೇ ಮನೆಯೋರಲ್ವಾ, ನೀವೂ ಬನ್ನಿ, ಗುದ್ದಲಿ ಒಂದು ಉಳಿದಿದೆ."

"ಅಶಾರೂ ಇಲ್ಲ, ಗಿಶಾರೂ ಇಲ್ಲ! ಇವತ್ತು ಬರದೇ ಇರೋರಿಗೆಲ್ಲ ಒಂದು ದಿನದ ಸಂಬಳ ಕಟ್!"

ಅಂಗಳಕ್ಕೆ ಅಂಗಳವೇ ಕೇಳಿಸಿಕೊಂಡಿತು. ಆಮೇಲೆ ನಕ್ಕ ನಗುವಿಗೆ ಪಕ್ಕದ ಮನೆಯ ನಾಯಿ ಬೊಗಳತೊಡಗಿತು. ನಕ್ಕಿದ್ದೇ ಬಂತು. ತಿಂಗಳ ಕೊನೆಗೆ ಅವನು ಹೇಳಿದಂತೆಯೇ ಎಲ್ಲರ ಸಂಬಳದಲ್ಲೂ ಆ ಭಾನುವಾರವನ್ನು ಕತ್ತರಿಸಿಕೊಂಡ. ಕೊಡದ ಕೂಲಿಯನ್ನು ಕತ್ತರಿಸುವ ವಿದ್ಯೆ ಅವನಿಗೆ ಯಾರು ಕಲಿಸಿದರೋ, ತಾವೇ ವಿಚಾರಿಸಬೇಕು.

ಕನಿಶಾಯ್‌ಳ ಸಂಬಳದಲ್ಲೂ ಕತ್ತರಿಸಿದ್ದಾನೆ. ಕಾರ್ಖಾನೆಯ ಯಂತ್ರದಡಿ ಬೆರಳು ಹೋದ ಭಾನುವಾರ ಆಕೆ ಕೆಲಸದಲ್ಲಿರಲಿಲ್ಲ ಎನ್ನುತ್ತೀರಿ ತಾವು. ಬೆರಳಿಲ್ಲದ ಕೈ ಹಿಡಿದುಕೊಂಡು ತನ್ನ ಮನೆಯಂಗಳದಲ್ಲಿ ನಿಂತಿದ್ದ ಭಾನುವಾರ ಆಕೆ ಕೆಲಸ ತಪ್ಪಿಸಿದಳು ಎನ್ನುತ್ತಾನೆ ಅವನು. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದೀರಿ. ಅದು ತಾವಲ್ಲದಿದ್ದರೆ ಈ ವಾರವೇ ಕಾರ್ಖಾನೆಗೆ ಬನ್ನಿ. ಹಾಗೆ ದುಡಿದ ಅಷ್ಟೂ ಭಾನುವಾರಗಳಿಗೆ ಇಮ್ಮಡಿ ವೇತನ ಕೊಡಿಸಿ, ಅವಳು ಕೆಲಸದಲ್ಲಿದ್ದಳು ಎಂಬ ಆ ಒಂದು ಸಾಲನ್ನು ತಮ್ಮ ಕೈಯಾರೆ ಬರೆಯಿರಿ. ತಮ್ಮ ಬೆರಳುಗಳೆಲ್ಲ ನೆಟ್ಟಗಿವೆ, ಬರೆಯುವುದು ಕಷ್ಟವಾಗಲಾರದು.

ಇಂತಿ,
ಇದು ಪತ್ರಿಕೆಯಲ್ಲಿ ಅಚ್ಚಾಗುವ ಹೊತ್ತಿಗೆ ಬಹುಶಃ ಕೆಲಸ ಕಳೆದುಕೊಂಡಿರುವ,
ಕಾರ್ಖಾನೆಯ ಅಡುಗೆಯಾಕೆ ಸೋನುನ್‌ಬೂಬು