ಅವ್ವನ ಕಾಲನ್ನು ಯಾರೂ ನೋಡಲಿಲ್ಲ

ಅವ್ವಾ,

ಒಲೆ ಸಣ್ಣಗೆ ಮಾಡಿ ಒಂದು ಗಳಿಗೆ ಕೂತುಕೋ. ನಿನಗೆ ಓದಲು ಬಾರದು. ಅದಕ್ಕೇ ಬರೆದ ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದುತ್ತಿದ್ದೇನೆ. ಅಪ್ಪನ ನಾಟಕದ ತಾಲೀಮು ನೋಡುತ್ತ ಬೆಳೆದ ಗಂಟಲು ಇದು. ನಿಲಂಗಾದ ಈ ಗಂಡನ ಮನೆಯಿಂದ ತವರೂರು ದಾಳಿಂಬದ ನಿನ್ನ ಮಣ್ಣಿನವರೆಗೆ ಕೇಳಿಸಲಾರದೇ?

ಅಪ್ಪನ ಹೆಬ್ಬೆರಳ ಕೆಳಗೆ ಸಕ್ಕರೆ ಕಾಯಿಲೆಯ ಹುಣ್ಣಾದಾಗ ನಮ್ಮ ಪಡಸಾಲೆಯೇ ರಂಗವಾಗಿತ್ತು. ಮಣೆಯ ಮೇಲೆ ಅವನ ಕಾಲು, ಬಿಸಿನೀರಿನ ಬೋಗುಣಿ ಹಿಡಿದ ನೀನು, ಸುತ್ತಲೂ ವಿಚಾರಿಸಲು ಬಂದ ಜನ.

"ಸಾವಕಾಶ ಒರಸ, ರಾಜಾನ ಕಾಲು ಅದ ಇದು," ಎನ್ನುತ್ತಿದ್ದ ಅಪ್ಪ, ನಾಟಕದ ರಾಜನ ಗತ್ತಿನಲ್ಲಿ.

"ರಾಜ್ಯ ಎಲ್ಲದನೋ ಗೊತ್ತಿಲ್ರಿ, ನನಗ ಬರೀ ಕಾಲೇ ಕಾಣ್ತದ," ಎನ್ನುತ್ತಿದ್ದೆ ನೀನು.

ಎಲ್ಲರೂ ನಗುತ್ತಿದ್ದರು. ನಿನಗೂ ಅದೇ ಕಾಯಿಲೆ ಇತ್ತೆಂಬುದು ಆ ನಗುವಿನಲ್ಲಿ ಯಾರಿಗೆ ನೆನಪಿತ್ತು?

ಉಮರ್ಗಾದ ಡಾಕ್ಟರಮ್ಮ ನಿಮ್ಮಿಬ್ಬರಿಗೂ ಮೆತ್ತನೆಯ ಚಪ್ಪಲಿ ಕೊಡಿಸಿ, ಮನೆಯೊಳಗೂ ಬರಿಗಾಲಲ್ಲಿ ನಡೆಯಬೇಡಿ ಎಂದಿದ್ದಳು. ಅಪ್ಪ ಪಡಸಾಲೆಯ ತುಂಬ ಅವನ್ನು ಮೆಟ್ಟಿ ತಿರುಗಿದ. ನಿನ್ನವು ಹೊಸ್ತಿಲಾಚೆಯೇ ಉಳಿದವು.

"ಚಪ್ಪಲ್ ಹಾಕ್ಕೊಂಡು ಒಲಿ ಮುಂದ ನಿಂದ್ರಲೇನ? ಬಾಜೂಕ ದೇವ್ರ ಜಗಲಿ ಅದ."

"ಅಪ್ಪ ಹಾಕ್ಕೊಂಡಾನಲ್ಲ?"

"ಅವ್ರಿಗಿ ಡಾಕ್ಟರ್ ಹೇಳ್ಯಾರ."

"ನಿನಗೂ ಹೇಳ್ಯಾರವ್ವ."

"ಹೇಳ್ಲಿ ಬಿಡ. ಹಿಟ್ಟ ತಾ ಇಕಡಿ."

ದೀಪಾವಳಿಗೆ ನಾನು ತವರಿಗೆ ಬಂದಾಗ ನೀನು ಹಿಮ್ಮಡಿಯ ಮೇಲೆ ನಡೆಯುತ್ತಿದ್ದೆ, ಸೀರೆ ಜಗ್ಗಿ ಪಾದ ಮುಚ್ಚಿಕೊಂಡು. ಒತ್ತಾಯ ಮಾಡಿ ನೋಡಿದೆ. ಕಾಲುಂಗುರದ ಬೆರಳು ಬದನೆಕಾಯಿಯಂತೆ ಊದಿತ್ತು. ಬೆಳ್ಳಿ ಮಾಂಸದೊಳಗೆ ಹೂತಿತ್ತು. ಅಪ್ಪನ ಮುಲಾಮಿನಲ್ಲಿ ಉಳಿದದ್ದನ್ನು ಹಿಂಡಿ ನೀನೇ ಸವರಿಕೊಂಡಿದ್ದೆ. ಯಾಕೆ ಹೇಳಲಿಲ್ಲ ಎಂದರೆ, "ಮೊದ್ಲ ಅವ್ರದು ಮಾಯಲಿ ಅಂದೆ," ಎಂದೆ ನೀನು.

ಮರುದಿನ ಉಮರ್ಗಾದಲ್ಲಿ ಡಾಕ್ಟರಮ್ಮ ಉಂಗುರ ಕತ್ತರಿಸಬೇಕೆಂದಾಗ ನೀನು ಕಾಲು ಹಿಂದಕ್ಕೆಳೆದುಕೊಂಡೆ.

"ಅವ್ರು ಇರೂತನಕ ಇದು ತೆಗ್ಯಂಗಿಲ್ರಿ, ಡಾಕ್ಟರ್ ಬಾಯಿ."

"ಆಜಿ, ಬೆರಳೇ ಹೋಗ್ತದ," ಎಂದಳು ಆಕೆ, ಮರಾಠಿ ಬಿಟ್ಟು ನಿನ್ನ ಮಾತಿಗೇ ಇಳಿದು.

"ಬೆರಳ ಹೋದ್ರ ಹೋಗ್ಲಿ. ಕುಂಕುಮ ಇರ್ಲಿ."

ಅಪ್ಪ ಹೊರಗೆ ಬೆಂಚಿನ ಮೇಲೆ ತನ್ನ ಪಟ್ಟಿ ಬದಲಿಸುವ ಸರದಿಗೆ ಕಾಯುತ್ತಿದ್ದ. ಕರೆಯುತ್ತೇನೆಂದು ಎದ್ದ ನನ್ನನ್ನು ನೀನೇ ಸೆರಗು ಹಿಡಿದು ಕೂರಿಸಿದೆ. ಅವನು ಒಳಗೆ ಬಂದು, ತೆಗಿ ಅದನ್ನು, ಎಂದಿದ್ದರೆ…

ಉಂಗುರ ಹಾಗೇ ಉಳಿಯಿತು. ಉದಗೀರದ ದೊಡ್ಡ ದವಾಖಾನೆಗೆ ಹೊತ್ತೊಯ್ದಾಗ ನಂಜು ರಕ್ತಕ್ಕೆ ಏರಿತ್ತು. ಕಾಲು ತೆಗೆಯುತ್ತೇವೆ ಎಂದರು. ಜ್ವರ ಅಷ್ಟು ಹೊತ್ತು ಕಾಯಲಿಲ್ಲ. ಮಣ್ಣು ಕೊಡುವ ದಿನ ನಿನ್ನ ಪಾದಕ್ಕೆ ಅರಿಶಿನ ಹಚ್ಚುತ್ತ ಹೆಂಗಸರು, "ಮುತ್ತೈದಿಯಾಗಿ ಹೋದ್ಳು, ಪುಣ್ಯ ಮಾಡಿದ ಜೀವ," ಎಂದರು. "ಅಳವ್ವ, ಎದಿ ಹಗುರಾಗ್ತದ," ಎಂದು ನನ್ನ ಬೆನ್ನು ತಟ್ಟಿದರು. ಸಭೆಯ ಕೊನೆಯ ಸಾಲಿಗೂ ಮುಟ್ಟುವ ಈ ಗಂಟಲಿನಿಂದ ಅಳುವಿನ ಒಂದು ದನಿ ಹೊರಡಲಿಲ್ಲ. ಇಂದಿಗೂ ಹೊರಟಿಲ್ಲ. ಉಣ್ಣುತ್ತೇನೆ, ಬಟ್ಟೆ ಒಗೆಯುತ್ತೇನೆ, ಕೇಳಿದವರಿಗೆ ಆರಾಮ ಎನ್ನುತ್ತೇನೆ. ಅಪ್ಪನ ಹುಣ್ಣು ಮಾಯಿತು, ಅವ್ವ. ಸಂತೋಷದ ಸುದ್ದಿಯೇ ಅಲ್ಲವೇ ಅದು? ಹೇಳಿದೆ, ಅಷ್ಟೇ.

ಕಳೆದ ತಿಂಗಳು ಅಂಗಾಲಿಗೆ ಜಾಲಿಮುಳ್ಳು ಹಾಯ್ದದ್ದು ನನಗೆ ತಿಳಿಯಲೇ ಇಲ್ಲ. ನೆಲದ ಮೇಲೆ ರಕ್ತ ಕಂಡಾಗಷ್ಟೇ ತಿಳಿಯಿತು. ಪರೀಕ್ಷೆ ಮಾಡಿಸಿದರೆ ನನಗೂ ಸಕ್ಕರೆ. ಪತ್ತಾರನ ಅಂಗಡಿಗೆ ಹೋಗಿ ಕಾಲುಂಗುರ ತೆಗೆಸಿ ಬಂದೆ. ಮನೆಯಲ್ಲಿ ಅತ್ತೆ ಕಾದಿದ್ದರು.

"ಗಂಡ ಕಣ್ಮುಂದ ಇರ್ತ ಬೋಳು ಬೆರಳೇನ?"

ನನ್ನ ಗಂಡ ಎಂದರು, "ನಾ ಇಲ್ಲೇ ನಿಂತೀನಲ್ಲವ್ವ. ಬದುಕೀನೋ ಇಲ್ಲೋ ನನ್ನ ನೋಡಿ ಹೇಳ. ಆಕಿ ಬೆರಳ ಯಾಕ ನೋಡ್ತಿ?"

ಲಗ್ನದಲ್ಲಿ ಉಂಗುರ ತೊಡಿಸುವಾಗ ಬಿಟ್ಟರೆ ಗಂಡ ಹೆಂಡತಿಯ ಕಾಲು ಮುಟ್ಟುವುದು ನಮ್ಮಲ್ಲಿ ಎಲ್ಲಿದೆ? ದಿನವೂ ಅಂಗಾಲು ನೋಡಿಕೊಳ್ಳಬೇಕಂತೆ. ನನ್ನದು ನನಗೆ ಕಾಣುವುದಿಲ್ಲ. ಇಂದು ಬೆಳಿಗ್ಗೆ ಅವರು ಕನ್ನಡಕ ಹಾಕಿಕೊಂಡು ಕೂತು, "ಕಾಲ ಕೊಡ ಇಲ್ಲಿ," ಎಂದರು. ನಾನು ಸೀರೆಯ ಅಂಚನ್ನು ಕೆಳಗೆಳೆದುಕೊಂಡೆ.

"ನಿಮ್ಮವ್ವನಂಗ ಸೀರಿ ಜಗ್ಗಬ್ಯಾಡ."

ಅವರ ತೊಡೆಯ ಮೇಲೆ ಕಾಲಿಟ್ಟೆ. ಬಾಗಿಲ ಬೆಳಕಿಗೆ ತಿರುಗಿಸಿ ತುಂಬ ಹೊತ್ತು ನೋಡಿದರು. ಹಿಮ್ಮಡಿಯ ಹತ್ತಿರ ಒಂದು ಬಿರುಕು ಇದೆಯಂತೆ, ಕೆಂಪಗೆ. ನನಗೆ ನೋವಿಲ್ಲ. ನೋವಾಗಲಿ ಎಂದು ಕಾಯುವುದಿಲ್ಲ, ಅವ್ವ. ನಾಳೆ ಮೊದಲ ಬಸ್ಸಿಗೆ ಉದಗೀರಕ್ಕೆ ಹೋಗುತ್ತಿದ್ದೇವೆ.

ನಿನ್ನ ಮಗಳು